ಗ್ಯಾಲರಿ ಖಾಲಿಯಾದ ಹದಿನಾಲ್ಕು ವರ್ಷ

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ತಿಂಗಳಲ್ಲಿ ಕುದುರೆ ಜೂಜಿನ ಮೇಲೆ ಭಾಷಣವೇ ಎಂದು ಇಬ್ಬರು ಮೂವರು ಫೋನ್ ಮಾಡಿ ಕೇಳಿದರು. ಕುದುರೆಯ ಬಗ್ಗೆ ಮಾತಾಡುತ್ತೇನೆ, ಜೂಜಿನ ಗೊಡವೆಗೆ ಹೋಗುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಬರೆಯಲು ಕೂತಾಗ ಗೊತ್ತಾಯಿತು, ಅದು ಉಳಿಸಿಕೊಳ್ಳಲಾಗದ ಮಾತು. ಎರಡೂ ಒಂದೇ ಹಗ್ಗದ ಎಳೆಗಳು.

ಈ ಮಾತು ಹುಟ್ಟಿದ್ದು ಎರಡು ವಾರದ ಹಿಂದೆ. ಬೆಂಗಳೂರಿನಿಂದ ನನ್ನ ಹಳೆಯ ಸಹಪಾಠಿ ಬಂದಿದ್ದಾನೆ, ಇಲ್ಲಿ ಕೆನಡಾದ ಟೊರಾಂಟೋ ಪಕ್ಕದ ಬ್ರಾಂಪ್ಟನ್ನಿನಲ್ಲಿ ಮಗನ ಮನೆಯಲ್ಲಿ ಇದ್ದಾನೆ. ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾನೆ, ಮೂರನೆಯ ಕುರ್ಚಿ. ರೇಸ್ ಕೋರ್ಸ್ ರಸ್ತೆಗೆ ಐವತ್ತು ವರ್ಷ ತಪ್ಪದೆ ಹೋದವನು. ನಯಾಗರ ತೋರಿಸಿದೆ, ಸಿ.ಎನ್. ಟವರ್ ತೋರಿಸಿದೆ, ಎರಡಕ್ಕೂ ತಲೆಯಾಡಿಸಿದ. "ವುಡ್‌ಬೈನ್ ಯಾವಾಗ ತೋರಿಸ್ತೀಯ?" ಅಂದ. ಅದು ಇಲ್ಲಿನ ದೊಡ್ಡ ರೇಸ್ ಟ್ರ್ಯಾಕು. ಸರಿ, ಹೋದೆವು. 2023ರಲ್ಲಿ ಟ್ರ್ಯಾಕಿನ ಪಕ್ಕದಲ್ಲೇ ತೆರೆದ ದೊಡ್ಡ ಕ್ಯಾಸಿನೋ ನೀವೆಲ್ಲ ನೋಡಿದ್ದೀರಿ. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಅಲ್ಲಿಂದ ರೇಸಿನ ಗ್ಯಾಲರಿಗೆ ಬಂದರೆ ಕೂತವರನ್ನು ಎಣಿಸಬಹುದು. ಕೆಳಗೆ ಮಾತ್ರ ಹತ್ತು ಕುದುರೆಗಳು ಜೀವ ಬಿಟ್ಟು ಓಡುತ್ತಿವೆ.

ವಾಪಸು ಬರುವಾಗ ಕಾರಿನಲ್ಲಿ ಅವನು ಹೇಳಿದ: "ನೋಡೋ, ನಮ್ಮ ಕಡೆ ಪಂತದ ಪೂರ್ತಿ ಮೊತ್ತದ ಮೇಲೆ ಜಿ.ಎಸ್.ಟಿ. ಮೊದಲು 28 ಪರ್ಸೆಂಟ್ ಇತ್ತು, ಈಗ 40. ರೇಸು ಉಸಿರಾಡೋಕೇ ಆಗ್ತಿಲ್ಲ. ನಮಗೂ ನಾಲ್ಕು ನೂರು ಸ್ಲಾಟ್ ಮಷಿನ್‌ಗೆ ಪರ್ಮಿಷನ್ ಕೊಟ್ಟರೆ ಸಾಕು, ಬಚಾವಾಗ್ತೀವಿ. ಇಲ್ಲಿ ಆಗಿರೋದೂ ಅದೇ ಅಲ್ವಾ?"

ಸ್ಲಾಟ್ ಮಷಿನ್ ಅಂದರೆ ಹಣ ಹಾಕಿ ಗುಂಡಿ ಒತ್ತುವ ಜೂಜಿನ ಪೆಟ್ಟಿಗೆ. ಆವತ್ತು ನಾನು ಉತ್ತರ ಕೊಡಲಿಲ್ಲ. ಹೈವೇ 427ರಲ್ಲಿ ಕಾರು ಓಡಿಸುತ್ತ ಹೇಳುವಷ್ಟು ಚಿಕ್ಕ ಉತ್ತರ ನನ್ನ ಹತ್ತಿರ ಇರಲಿಲ್ಲ. ಇವತ್ತು ಹೇಳುತ್ತೇನೆ. ಇಲ್ಲಿ ಆಗಿದ್ದು ಅದಲ್ಲ ಕಣೋ. ಇಲ್ಲಿ ಏನಾಯಿತು ಅನ್ನುವುದನ್ನು ಕೈಯಲ್ಲಿ ಸ್ಟೆತಾಸ್ಕೋಪ್ ಹಿಡಿದು ಹತ್ತಿರದಿಂದ ನೋಡಿದವನು ನಾನು.

ನಾನು ಕುಣಿಗಲ್ ಕಡೆಯವನು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಆ ಫಾರಂನ ಬೇಲಿ ಹಿಡಿದುಕೊಂಡು ಬೆಳೆದೆ. ಬೆಳಗಿನ ಮಂಜಿನಲ್ಲಿ ಮರಿ ಬಿಟ್ಟ ಕುದುರೆಗಳನ್ನು ಸೈಸ್‌ಗಳು, ಅಂದರೆ ಕುದುರೆ ನೋಡಿಕೊಳ್ಳುವ ಆಳುಗಳು, ನಡೆಸಿಕೊಂಡು ಹೋಗುವುದನ್ನು ನೋಡುತ್ತ ಸ್ಕೂಲಿಗೆ ತಡವಾಗುತ್ತಿತ್ತು. ಹೆಬ್ಬಾಳದಲ್ಲಿ ಪಶುವೈದ್ಯ ಓದಿದೆ. 1984ರಲ್ಲಿ ಇಲ್ಲಿಗೆ ಬಂದೆ. ಗ್ವೆಲ್ಫ್‌ನಲ್ಲಿ ಮತ್ತೆ ಪರೀಕ್ಷೆ ಕಟ್ಟಿ, ಮಿಲ್ಟನ್, ಕ್ಯಾಂಪ್‌ಬೆಲ್‌ವಿಲ್, ಫರ್ಗಸ್ ಸುತ್ತಮುತ್ತ ಮೂವತ್ತು ವರ್ಷ ಕುದುರೆಗಳ ಕಾಲು, ಹಲ್ಲು, ಹೊಟ್ಟೆನೋವು ನೋಡಿದೆ. ಹೆಚ್ಚಾಗಿ ಗಾಡಿ ರೇಸಿನ ಕುದುರೆಗಳು. ನಮ್ಮ ಹಳೆಯ ಜಟಕಾ ನೆನಪಿರುವವರಿಗೆ ಇದು ಬೇಗ ಅರ್ಥವಾಗುತ್ತದೆ: ಹಿಂದೆ ಎರಡು ಚಕ್ರದ ಹಗುರ ಗಾಡಿ, ಅದರಲ್ಲಿ ಕಾಲು ಚಾಚಿ ಕೂತ ಚಾಲಕ. ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ, ತನ್ನ ನಡೆಯಲ್ಲೇ ಓಡಬೇಕು. ಈ ಕುದುರೆಗಳ ಮಾಲೀಕರಲ್ಲಿ ಬಹಳ ಜನ ರೈತರು. ಹಗಲು ಹಸು, ಜೋಳ. ಸಂಜೆ ಟ್ರಕ್ಕಿನ ಹಿಂದೆ ಟ್ರೇಲರ್ ಕಟ್ಟಿ ಟ್ರ್ಯಾಕಿಗೆ.

ಈಗ ಒಬ್ಬ ಹಿರಿಯರ ಕತೆ ಹೇಳಬೇಕು. ನನ್ನ ಮನೆಯವರು ಇದನ್ನು ನೂರು ಸಲ ಕೇಳಿದ್ದಾರೆ. ನೀವು ಒಂದು ಸಲ ಕೇಳಿ.

ನಾನು ಹೋಗುತ್ತಿದ್ದ ಒಂದು ಸಣ್ಣ ಟ್ರ್ಯಾಕಿನಲ್ಲಿ ಶನಿವಾರ ರಾತ್ರಿ ತಪ್ಪದೆ ಬರುತ್ತಿದ್ದ ಇಟಲಿಯ ಅಜ್ಜ ಒಬ್ಬರಿದ್ದರು. ಇಟ್ಟಿಗೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಿವಿಯ ಹಿಂದೆ ಪೆನ್ಸಿಲ್, ಕೈಯಲ್ಲಿ ಎರಡಾಗಿ ಮಡಚಿದ ರೇಸ್ ಪ್ರೋಗ್ರಾಂ. ಗ್ಯಾಲರಿಯಲ್ಲಿ ಕೂರುತ್ತಿರಲಿಲ್ಲ, ಕೆಳಗೆ ಬೇಲಿಗೆ ಆತುಕೊಂಡೇ ನಿಲ್ಲುತ್ತಿದ್ದರು. ಅವರ ಪಂತ ಎರಡು ಡಾಲರ್. ಮಳೆ ಬಂದರೂ ಎರಡು ಡಾಲರ್, ಫೇವರಿಟ್ ಬಂದರೂ ಎರಡು ಡಾಲರ್. ನನ್ನನ್ನು "ಡಾಕ್" ಎಂದು ಕರೆಯುತ್ತಿದ್ದರು. ಆ ಪ್ರೋಗ್ರಾಂ ಓದುವುದನ್ನು ನನಗೆ ಕಲಿಸಿದವರೂ ಅವರೇ. ಮೊದಲ ಸಲ ನೋಡಿದಾಗ ಪಂಚಾಂಗದ ಹಾಗೆ ಬರೀ ಅಂಕಿ. ಹಿಂದಿನ ಆರು ಓಟಗಳಲ್ಲಿ ಪ್ರತಿ ಕಾಲು ಮೈಲಿಗೆ ಕುದುರೆ ಎಲ್ಲಿತ್ತು, ಎಷ್ಟು ಅಂತರದಲ್ಲಿತ್ತು, ತಿರುವಿನಲ್ಲಿ ಹೊರಗಿತ್ತೋ ಒಳಗಿತ್ತೋ, ಟ್ರ್ಯಾಕು ಒಣಗಿತ್ತೋ ಕೆಸರಾಗಿತ್ತೋ, ಎಲ್ಲವೂ ಆ ಒಂದು ಗೆರೆಯಲ್ಲಿ. ಪಂಚಾಂಗ ಓದಲು ಬಂದವರಿಗೆ ಅದರಲ್ಲಿ ಗ್ರಹಗತಿ ಕಾಣುವ ಹಾಗೆ ಅವರಿಗೆ ಆ ಗೆರೆಯಲ್ಲಿ ಕುದುರೆಯೇ ಕಾಣುತ್ತಿತ್ತು.

ಒಂದು ಜನವರಿ. ಮೈನಸ್ 18. ನಾನು ನೋಡಿಕೊಳ್ಳುತ್ತಿದ್ದ ಒಂದು ಹೆಣ್ಣು ಕುದುರೆ, ಗೆಲ್ಲಬೇಕಾದದ್ದು, ಸತತ ಮೂರು ಓಟ ಸೋತಿತ್ತು. ಮಾಲೀಕ ನನ್ನನ್ನು ಕರೆಸಿದ್ದ. ಕಾಲು ನೋಡಿದೆ, ಗೊರಸು ನೋಡಿದೆ, ಲಾಳ ಬಿಚ್ಚಿಸಿ ಮತ್ತೆ ಹೊಡೆಸಿದೆ, ರಕ್ತ ಪರೀಕ್ಷೆ ಮಾಡಿಸಿದೆ. ಏನೂ ಸಿಗಲಿಲ್ಲ. ಆ ರಾತ್ರಿ ಅದು ನಾಲ್ಕನೆಯ ಸಲ ಸೋತಿತು. ಬೇಲಿಯ ಹತ್ತಿರ ಅಜ್ಜ ನನ್ನ ತೋಳು ಹಿಡಿದು ಹೇಳಿದರು: "ಡಾಕ್, ನೀವು ಕಾಲು ನೋಡ್ತಿದ್ದೀರ. ನಾನು ನಾಲ್ಕು ವಾರದಿಂದ ಅದರ ತಲೆ ನೋಡ್ತಿದ್ದೀನಿ. ಪ್ರತಿ ತಿರುವಿನಲ್ಲೂ ತಲೆ ಹೊರಗಡೆಗೆ ತಿರುಗಿಸಿಕೊಳ್ಳುತ್ತೆ. ಅದಕ್ಕೆ ಬಾಯಿ ನೋವು."

ಮಾರನೆಯ ಬೆಳಿಗ್ಗೆ ಹೋಗಿ ಬಾಯಿ ತೆರೆಸಿ ಟಾರ್ಚ್ ಹಾಕಿದೆ. ಎಡ ದವಡೆಯ ಹಿಂದಿನ ಹಲ್ಲಿನ ಅಂಚು ಚೂರಿಯಾಗಿತ್ತು. ತಿರುವಿನಲ್ಲಿ ಲಗಾಮು ಎಳೆದಾಗಲೆಲ್ಲ ಕೆನ್ನೆಯ ಒಳಗೆ ಕುಯ್ಯುತ್ತಿತ್ತು. ಅರ ಹಾಕಿ ಉಜ್ಜಿದೆ. ಇಪ್ಪತ್ತು ನಿಮಿಷದ ಕೆಲಸ. ಎರಡು ವಾರ ಕಳೆದು ಅದು ಓಡಿದ ದಿನ ಅಜ್ಜ ಜೀವನದಲ್ಲಿ ಮೊದಲ ಸಲ ಹತ್ತು ಡಾಲರ್ ಕಟ್ಟಿದರು. ನಾಲ್ಕು ಸಲ ಸೋತ ಕುದುರೆಯ ಮೇಲೆ ಬೇರೆ ಹೆಚ್ಚು ಜನ ಹಣ ಹಾಕಿರಲಿಲ್ಲ. ಗೆದ್ದಿತು. ಎಪ್ಪತ್ತನಾಲ್ಕು ಡಾಲರ್ ಬಂತು. ಆ ರಾತ್ರಿ ಬೇಲಿಯ ಹತ್ತಿರ ನಿಂತಿದ್ದವರಿಗೆಲ್ಲ ಕಾಫಿ, ಡೋನಟ್ ಅವರದೇ. ನನಗೆ ಎರಡು ಡೋನಟ್ ಕೊಟ್ಟರು. "ಒಂದು ಫೀಸು, ಒಂದು ಬಹುಮಾನ" ಅಂದರು. ಗ್ವೆಲ್ಫ್‌ನಲ್ಲಿ ಪದವಿ ಕೊಟ್ಟ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ನಾನು ಯಾಕೆ ಇಷ್ಟು ಹೊತ್ತು ಈ ಕತೆ ಹೇಳಿದೆ? ಪಂತ ಕಟ್ಟುವ ಆಟಕ್ಕೆ ಪ್ರಾಣ ಇರುವುದು ನೋಡುವವನ ಕಣ್ಣಿನಲ್ಲಿ. ಎರಡು ಡಾಲರ್ ಅವರ ಕಣ್ಣನ್ನು ಕುದುರೆಯ ಮೇಲೆ ನಿಲ್ಲಿಸಿತ್ತು. ಆ ಕಣ್ಣು ಕುದುರೆಯ ಹಲ್ಲನ್ನೂ ಕಂಡಿತು. 1996ರಲ್ಲಿ ನಮ್ಮ ಭಾರತದ ಸುಪ್ರೀಂ ಕೋರ್ಟು ಕುದುರೆ ರೇಸು ಕೌಶಲದ ಆಟ ಎಂದು ತೀರ್ಪು ಕೊಟ್ಟಾಗ ನನಗೆ ನೆನಪಾದದ್ದು ಆ ಅಜ್ಜನ ಪೆನ್ಸಿಲ್.

ಈಗ ಪಕ್ಕದಲ್ಲಿ ಒಂದು ಸ್ಲಾಟ್ ಮಷಿನ್ ತಂದಿಡಿ. ಅದು ನಿಮ್ಮ ಕಣ್ಣು ಕೇಳುವುದಿಲ್ಲ, ಬೆರಳು ಕೇಳುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ, ಇಲ್ಲಿ ಅಕೌಂಟೆಂಟರು ಬಹಳ ಜನ ಇದ್ದೀರಿ. ಟೋಟ್ ಪದ್ಧತಿ, 1867ರಲ್ಲಿ ಪ್ಯಾರಿಸಿನಲ್ಲಿ ಜೋಸೆಫ್ ಓಲೇರ್ ಕಂಡುಹಿಡಿದದ್ದು, ಬಹಳ ಸರಳ. ಎಲ್ಲರ ಹಣ ಒಂದು ಗುಡ್ಡೆ, ಅದರಲ್ಲಿ ಒಂದು ಪಾಲು ಟ್ರ್ಯಾಕು, ಕುದುರೆಯವರು, ಸರ್ಕಾರ ಮೊದಲೇ ಕಡಿದುಕೊಳ್ಳುತ್ತಾರೆ, ಉಳಿದದ್ದು ಗೆದ್ದವರಿಗೆ. ಕಡಿದುಕೊಳ್ಳುವ ಪಾಲು ನೂರಕ್ಕೆ 20 ಎಂದು ಇಟ್ಟುಕೊಳ್ಳಿ. ಅಜ್ಜ ಒಂದು ರಾತ್ರಿ ಹತ್ತು ಓಟಕ್ಕೆ ಎರಡೆರಡು ಡಾಲರ್ ಕಟ್ಟಿದರು, ಇಪ್ಪತ್ತಾಯಿತು. ಮೂರು ನಾಲ್ಕು ಗಂಟೆಯ ಸಂಜೆಗೆ ಸರಾಸರಿ ಅವರ ಖರ್ಚು ನಾಲ್ಕು ಡಾಲರ್. ಮಷಿನ್ ಅದಕ್ಕಿಂತ ಉದಾರಿಯಂತೆ ಕಾಣುತ್ತದೆ. ನೂರಕ್ಕೆ ಎಂಟೇ ಇಟ್ಟುಕೊಂಡಿತು ಅನ್ನೋಣ. ಆದರೆ ಅದರಲ್ಲಿ ಗುಂಡಿ ಒತ್ತಿ ಫಲಿತಾಂಶ ನೋಡಲು ಐದಾರು ಸೆಕೆಂಡು ಸಾಕು. ಗಂಟೆಗೆ ಆರು ನೂರು ಸಲ. ಒಂದು ಸಲಕ್ಕೆ ಒಂದು ಡಾಲರ್ ಆದರೆ ಗಂಟೆಗೆ ಸರಾಸರಿ ನಲವತ್ತೆಂಟು ಡಾಲರ್ ಹೋಗುತ್ತದೆ. ಅಜ್ಜನ ಹನ್ನೆರಡು ಶನಿವಾರ ಅಲ್ಲಿ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಇದು ಗೊತ್ತಿರುವ ಯಾವ ಮ್ಯಾನೇಜರ್ ತಾನೇ ರೇಸಿಗೆ ಹೊಸ ಬೆಂಚು ಹಾಕಿಸುತ್ತಾನೆ ಹೇಳಿ. ಅವನು ಕೆಟ್ಟವನಾಗಿರಬೇಕಿಲ್ಲ. ಲೆಕ್ಕ ಬಂದರೆ ಸಾಕು.

ಸರಿ, ನಾವಿರುವ ಈ ಪ್ರಾಂತ್ಯ ಒಂಟಾರಿಯೋಗೆ ಬರೋಣ. 1969ರವರೆಗೆ ಈ ದೇಶದಲ್ಲಿ ಕಾನೂನು ಒಪ್ಪಿದ್ದ ದೊಡ್ಡ ಜೂಜು ಎಂದರೆ ರೇಸೊಂದೇ. ಆಮೇಲೆ ಲಾಟರಿ ಬಂತು. 1975ರಲ್ಲಿ ವಿಂಟಾರಿಯೋ ಟಿಕೆಟ್ಟು ಮೂಲೆ ಅಂಗಡಿಗೇ ಬಂತು, 1994ರಲ್ಲಿ ವಿಂಡ್ಸರ್‌ನಲ್ಲಿ ಕ್ಯಾಸಿನೋ ಬಂತು. ರೇಸು ಸೊರಗಲು ಶುರುವಾದದ್ದು ಹಾಗೆ. ಆಗ ಪ್ರಾಂತ್ಯದ ಪ್ರೀಮಿಯರ್ ಮೈಕ್ ಹ್ಯಾರಿಸ್ ಅವರ ಸರ್ಕಾರಕ್ಕೆ ಮಷಿನ್ ಇಡಲು ಜಾಗ ಬೇಕಿತ್ತು, ಊರೂರಲ್ಲಿ ಇಡಲು ಹೋದರೆ ಜನ ಒಪ್ಪುತ್ತಿರಲಿಲ್ಲ. ರೇಸ್ ಟ್ರ್ಯಾಕಿನಲ್ಲಿ ಹೇಗೂ ಜೂಜು ನಡೆಯುತ್ತಿತ್ತು, ಪಾರ್ಕಿಂಗ್ ಇತ್ತು, ಅಕ್ಕಪಕ್ಕದವರಿಗೆ ಅಭ್ಯಾಸವಾಗಿತ್ತು. 1998ರಲ್ಲಿ ಒಪ್ಪಂದ ಆಯಿತು, ಆ ಡಿಸೆಂಬರಿನಲ್ಲಿ ವಿಂಡ್ಸರ್ ರೇಸ್‌ವೇಯಲ್ಲಿ ಮೊದಲ ಮಷಿನ್‌ಗಳು ಕೂತವು. ಮಷಿನ್‌ನ ಆದಾಯದಲ್ಲಿ ನೂರಕ್ಕೆ 10 ಟ್ರ್ಯಾಕಿಗೆ, 10 ಕುದುರೆಯವರಿಗೆ, ಊರಿನ ಮುನಿಸಿಪಾಲಿಟಿಗೆ ಒಂದು ಸಣ್ಣ ಪಾಲು, ಮಿಕ್ಕ ಸಿಂಹಪಾಲು ಪ್ರಾಂತ್ಯ ಸರ್ಕಾರಕ್ಕೆ.

ಅದರಿಂದ ಒಳ್ಳೆಯದೇ ಆಗಲಿಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಬಹುಮಾನದ ಹಣ ಏರಿತು. ಹೊಸ ಲಾಯಗಳು ಎದ್ದವು. ಒಣಹುಲ್ಲು ಬೆಳೆಯುವವರಿಗೆ, ಲಾಳ ಹೊಡೆಯುವವರಿಗೆ, ಟ್ರೇಲರ್ ರಿಪೇರಿಯವರಿಗೆ, ನನ್ನಂಥ ಡಾಕ್ಟರಿಗೆ ಕೈತುಂಬ ಕೆಲಸ. ಅಮೆರಿಕದಿಂದ ಜನ ಇಲ್ಲಿಗೆ ಬಂದು ಒಂಟಾರಿಯೋ ತಳಿಯ ಮರಿ ಕೊಂಡರು. ನನ್ನ ಮನೆಯ ಸಾಲ ತೀರಿದ್ದು ಆ ವರ್ಷಗಳಲ್ಲಿ. ಆ ಹಣವನ್ನು ನಾನೂ ಉಂಡಿದ್ದೇನೆ. ಅದಕ್ಕೇ ಈ ಮಾತಾಡುವ ಹೊಣೆ ನನಗಿದೆ ಅನ್ನಿಸುತ್ತದೆ.

ಆದರೆ ಗ್ಯಾಲರಿ ನೋಡಿ. ನಾನು ಆಗಲೂ ಇದನ್ನೇ ಹೇಳುತ್ತಿದ್ದೆ, ಈಗಲೂ ಇದನ್ನೇ ಹೇಳುತ್ತೇನೆ: ಗ್ಯಾಲರಿ ನೋಡಿ. ಬಹುಮಾನದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮಷಿನ್‌ನಿಂದ ಬರಲು ಶುರುವಾದ ಮೇಲೆ, ಬೇಲಿಯ ಹತ್ತಿರ ಎಷ್ಟು ಜನ ನಿಂತಿದ್ದಾರೆ ಎಂದು ಎಣಿಸುವವರೇ ಇಲ್ಲವಾದರು. ಮೊದಲು ರೈತ ಗ್ಯಾಲರಿ ನೋಡಿ ಚಿಂತೆ ಮಾಡುತ್ತಿದ್ದ. ಜನ ಬಂದರೆ ಪಂತ, ಪಂತ ಬಂದರೆ ಬಹುಮಾನ. ಈಗ ಗ್ಯಾಲರಿಯಲ್ಲಿ ಹತ್ತು ಜನ ಇದ್ದರೂ ಅವನ ಚೆಕ್ಕು ಬರುತ್ತದೆ. ನಾನು ಹೋಗುತ್ತಿದ್ದ ಆ ಸಣ್ಣ ಟ್ರ್ಯಾಕಿನಲ್ಲಿ ಮುಂಬಾಗಿಲನ್ನೇ ಬದಲಾಯಿಸಿದರು. ರೇಸು ನೋಡಬೇಕಾದವರು ಮಷಿನ್‌ಗಳ ನಡುವೆ ಹಾದು, ಹಿಂದಿನ ಒಂದು ಕಾರಿಡಾರ್ ದಾಟಿ, ಒಂದು ಭಾರದ ಬಾಗಿಲು ತಳ್ಳಿಕೊಂಡು ಹೊರಗೆ ಬರಬೇಕು. ಪ್ರೋಗ್ರಾಂ ಮಾರುವ ಕಿಟಕಿ ಒಂದೇ ಉಳಿಯಿತು. ಬೇಲಿಯ ಹತ್ತಿರದ ಕಾಫಿ ಗಾಡಿ ಹೋಯಿತು.

2003ರ ಚಳಿಗಾಲದಲ್ಲಿ ಒಂದು ಶನಿವಾರ ಅಜ್ಜ ಬೇಲಿಯ ಹತ್ತಿರ ಕಾಣಲಿಲ್ಲ. ಮುಂದಿನ ವಾರವೂ ಇಲ್ಲ. ಹುಷಾರಿಲ್ಲವೇನೋ ಎಂದುಕೊಂಡೆ. ಮೂರನೆಯ ವಾರ ಒಳಗೆ ಹೋಗುವಾಗ ಕಂಡರು. ಮಷಿನ್‌ನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಕಿವಿಯ ಹಿಂದೆ ಪೆನ್ಸಿಲ್ ಇರಲಿಲ್ಲ. ಹೆಗಲ ಮೇಲೆ ಕೈಯಿಟ್ಟೆ. ತಿರುಗಿ ನೋಡದೆ ಹೇಳಿದರು: "ಡಾಕ್, ಹೊರಗೆ ಚಳಿ."

ಮೈನಸ್ 18ರಲ್ಲಿ ನಾಲ್ಕು ವಾರ ನಿಂತು ಕುದುರೆಯ ಹಲ್ಲುನೋವು ಕಂಡುಹಿಡಿದ ಮನುಷ್ಯ ಅವರು.

ಇರಲಿ, ಸ್ವಲ್ಪ ನೀರು ಕುಡಿಯುತ್ತೇನೆ.

ನಮ್ಮ ಪ್ರಾಂತ್ಯದಲ್ಲಿ ಮಾತ್ರ ಹೀಗಾಯಿತು ಎಂದುಕೊಳ್ಳಬೇಡಿ. ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ ಹೈ ಅಲೈ ಎಂಬ ಆಟ ಇತ್ತು. ಸ್ಪೇನ್, ಫ್ರಾನ್ಸ್ ಗಡಿಯ ಬಾಸ್ಕ್ ಜನರ ಆಟ. ಕೈಗೆ ಬಾಗಿದ ಬೆತ್ತದ ಬುಟ್ಟಿ ಕಟ್ಟಿಕೊಂಡು, ಕಲ್ಲಿನಂಥ ಚೆಂಡನ್ನು ಗೋಡೆಗೆ ಹೊಡೆಯುತ್ತಾರೆ. ರೇಸಿನ ಹಾಗೇ ಟೋಟ್ ಪಂತ. 1976ರಲ್ಲಿ ಅಲ್ಲಿ ಆ ಆಟದ ಅಂಗಣ ತೆರೆಯಿತು. ಆಟ ಸೊರಗಿತು ಎಂದು 1992ರಲ್ಲಿ ವಿಡಿಯೋ ಮಷಿನ್ ಇಡಲು ಬಿಟ್ಟರು. 2003ರಲ್ಲಿ ಆಟವನ್ನೇ ನಿಲ್ಲಿಸಿದರು, ಮಷಿನ್ ಉಳಿದವು. 2018ರಲ್ಲಿ ಮಷಿನ್‌ಗಳೂ ಟಿವರ್ಟನ್ ಎಂಬ ಊರಿನ ಹೊಸ ಕ್ಯಾಸಿನೋಗೆ ಹೋದವು, ಆ ಕಟ್ಟಡಕ್ಕೆ ಬೀಗ ಬಿತ್ತು. ಮೊದಲು ಆಟಕ್ಕೆ ಮಷಿನ್ ಊರುಗೋಲು. ಆಮೇಲೆ ಮಷಿನ್‌ಗೆ ಆಟ ಒಂದು ನೆಪ. ಕೊನೆಗೆ ನೆಪವೂ ಬೇಡವಾಯಿತು.

ಫ್ಲೋರಿಡಾದಲ್ಲಿ ಇನ್ನೂ ವಿಚಿತ್ರ. ಅಲ್ಲಿ 2004ರಲ್ಲಿ ಜನಮತ ಪಡೆದು, ಮಯಾಮಿ ಸುತ್ತಲಿನ ಎರಡು ಕೌಂಟಿಗಳಲ್ಲಿ ರೇಸು, ನಾಯಿ ಓಟ, ಹೈ ಅಲೈ ನಡೆಯುವ ಜಾಗಗಳಿಗೆ ಮಾತ್ರ ಸ್ಲಾಟ್‌ಗೆ ದಾರಿ ಬಿಟ್ಟರು. ಅಂದರೆ ಲೈಸೆನ್ಸ್ ಬೇಕಾದರೆ ಆಟ ನಡೆಸಲೇಬೇಕು. ಮಯಾಮಿಯ ಕ್ಯಾಲ್ಡರ್ ಎಂಬ ರೇಸ್ ಟ್ರ್ಯಾಕು ಏನು ಮಾಡಿತು ಗೊತ್ತೇ? ಗ್ಯಾಲರಿಯನ್ನು ಕೆಡವಿತು. ಕುದುರೆ ಸಾಕುವ ಖರ್ಚೇ ಬೇಡ ಎಂದು ಹೈ ಅಲೈ ಪರ್ಮಿಟ್ ತೆಗೆದುಕೊಂಡು, ನಾಲ್ಕು ಜನರನ್ನು ಚೆಂಡಾಡಿಸಿ, ಸ್ಲಾಟ್ ಲೈಸೆನ್ಸ್ ಉಳಿಸಿಕೊಂಡಿತು. 2021ರಲ್ಲಿ ಗಾಡಿ ರೇಸಿಗೂ ಹೈ ಅಲೈಗೂ ಆ ಕಟ್ಟುಪಾಡನ್ನೇ ತೆಗೆದುಹಾಕಿದರು. ಆಟ ಬೇಕಾಗಿಲ್ಲ, ಮಷಿನ್ ನಡೆಯಲಿ. 2022ರ ಏಪ್ರಿಲಿನಲ್ಲಿ ಪೊಂಪಾನೋ ಪಾರ್ಕಿನಲ್ಲಿ ಕೊನೆಯ ಗಾಡಿ ರೇಸು ಓಡಿತು. ಚಳಿಗಾಲದಲ್ಲಿ ನಮ್ಮ ಕಡೆಯ ಎಷ್ಟೋ ತರಬೇತುದಾರರು ಕುದುರೆ ಕರೆದುಕೊಂಡು ಹೋಗುತ್ತಿದ್ದ ಜಾಗ ಅದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ. ಪಶುವೈದ್ಯನಿಗೆ ಮೈಕ್ ಕೊಟ್ಟರೆ ಹೀಗೇ ಆಗುತ್ತದೆ, ನಮ್ಮ ರೋಗಿಗಳು ಯಾವತ್ತೂ ಗಡಿಯಾರ ನೋಡಿದವರಲ್ಲ. ಐದು ವಿಷಯ ಬರೆದುಕೊಂಡು ಬಂದಿದ್ದೆ, ಇನ್ನೂ ಎರಡನೆಯದರಲ್ಲಿದ್ದೇನೆ. ಮೊಬೈಲ್ ಜೂಜಿನ ವಿಷಯ ಬಿಟ್ಟುಬಿಡುತ್ತೇನೆ. 2022ರ ಏಪ್ರಿಲಿನಿಂದ ಒಂಟಾರಿಯೋದಲ್ಲಿ ಆ ಮಷಿನ್ ಎಲ್ಲರ ಜೇಬಿನಲ್ಲೇ ಇದೆ, ನಿಮಗೇ ಗೊತ್ತು. ತೆರಿಗೆಯ ವಿಷಯವೂ ಇನ್ನೊಂದು ದಿನ.

2012ಕ್ಕೆ ಬರುತ್ತೇನೆ, ಅದನ್ನು ಬಿಡಲು ಆಗುವುದಿಲ್ಲ. ಆ ಹೊತ್ತಿಗೆ 17 ಟ್ರ್ಯಾಕುಗಳಲ್ಲಿ ಮಷಿನ್ ಇದ್ದವು, ವರ್ಷಕ್ಕೆ 345 ಮಿಲಿಯನ್ ಡಾಲರ್ ರೇಸಿಗೆ ಹೋಗುತ್ತಿತ್ತು. ಸರ್ಕಾರಕ್ಕೆ ದೊಡ್ಡ ಕೊರತೆ. ಹಣಕಾಸು ಮಂತ್ರಿ ಡ್ವೈಟ್ ಡಂಕನ್. ಆಸ್ಪತ್ರೆ, ಶಾಲೆಗೆ ಹಣವಿಲ್ಲದಾಗ ಕುದುರೆಗೇಕೆ ಎಂಬ ಪ್ರಶ್ನೆ ಬಂತು. ಮಾರ್ಚಿನಲ್ಲಿ ಘೋಷಣೆ: 2013ರ ಮಾರ್ಚ್ 31ಕ್ಕೆ ಒಪ್ಪಂದ ಮುಗಿಯುತ್ತದೆ. ಫೋರ್ಟ್ ಈರಿ, ವಿಂಡ್ಸರ್, ಸಾರ್ನಿಯಾದ ಮಷಿನ್‌ಗಳಿಗೆ ಎರಡು ತಿಂಗಳೂ ಗಡುವಿರಲಿಲ್ಲ. ಮಷಿನ್ ಮೊದಲು ಕೂತ ವಿಂಡ್ಸರ್ ರೇಸ್‌ವೇ, 1965ರಿಂದ ನಡೆದದ್ದು, ಆ ಆಗಸ್ಟ್ ಕೊನೆಗೆ ಮುಚ್ಚಿತು.

ಕುದುರೆಯವರು ಪ್ರಾಂತ್ಯದ ಶಾಸನಸಭೆ ಇರುವ ಕ್ವೀನ್ಸ್ ಪಾರ್ಕಿಗೆ ಹೋಗಿ ಕೂಗಿದರು. ನಾನೂ ಹೋಗಿದ್ದೆ. ನಾವು ಹೇಳಿದ್ದು, ಇದು ಸಹಾಯಧನವಲ್ಲ, ನಮ್ಮ ಜಾಗದಲ್ಲಿ ನಿಮ್ಮ ಮಷಿನ್ ಇಟ್ಟುಕೊಂಡದ್ದಕ್ಕೆ ಪಾಲು. ನಮ್ಮ ಲೆಕ್ಕದಲ್ಲಿ ಆ ಮಾತು ಸರಿ ಇತ್ತು. ಎರಡು ವರ್ಷ ಬಿಟ್ಟು, 2014ರಲ್ಲಿ ಪ್ರಾಂತ್ಯದ ಆಡಿಟರ್ ಜನರಲ್ ಬಾನಿ ಲೈಸಿಕ್ ಅವರೂ, ಸಂಬಂಧಪಟ್ಟವರನ್ನು ಸರಿಯಾಗಿ ಕೇಳದೆ ಈ ತೀರ್ಮಾನ ತೆಗೆದುಕೊಂಡರು ಎಂದು ಬರೆದರು. ಆದರೆ ಬೀದಿಯಲ್ಲಿ ಹೋಗುವ ಜನ ನಮ್ಮ ಪರ ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ಹದಿನಾಲ್ಕು ವರ್ಷದಲ್ಲಿ ನಾವು ಅವರನ್ನು ಒಂದು ಸಲವಾದರೂ ಗ್ಯಾಲರಿಗೆ ಕರೆದಿದ್ದೆವೇ? ಶನಿವಾರ ರಾತ್ರಿ ಸಾವಿರ ಜನ ಬೇಲಿಯ ಹತ್ತಿರ ನಿಂತಿದ್ದ ಕಾಲದಲ್ಲಿ ಯಾವ ಮಂತ್ರಿಯೂ ಆ ಕಾಗದಕ್ಕೆ ಸುಲಭವಾಗಿ ಸಹಿ ಹಾಕುತ್ತಿರಲಿಲ್ಲ. ಮೂರೂ ಪಕ್ಷಗಳ ಮೂವರು ಮಾಜಿ ಮಂತ್ರಿಗಳ ಸಮಿತಿ ಮಾಡಿದರು, ಆಮೇಲೆ ಒಂದಷ್ಟು ಹಣ ವಾಪಸು ಬಂತು. 2019ರಿಂದ 19 ವರ್ಷದ ಒಪ್ಪಂದ ಇದೆ. ರೇಸು ಸತ್ತಿಲ್ಲ. ಆದರೆ ಅದರ ಬಾಯಿಗೆ ಹುಲ್ಲು ಹಾಕುವ ಕೈ ಇವತ್ತಿಗೂ ಸರ್ಕಾರದ್ದೇ.

ಹಾಗಾದರೆ ಏನು ಮಾಡಬೇಕು ಎಂದು ನನ್ನ ಗೆಳೆಯ ಕೇಳುತ್ತಾನೆ, ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ಜಪಾನಿನ ಕತೆ ಬೇಗ ಹೇಳುತ್ತೇನೆ. ಕೋಚಿ ಎಂಬ ಊರಿನ ರೇಸ್ ಟ್ರ್ಯಾಕು ಮುಚ್ಚುವ ಸ್ಥಿತಿಯಲ್ಲಿತ್ತು. ಜಪಾನಿನಲ್ಲಿ ಪಚಿಂಕೋ ಎಂಬ ಜೂಜಿನ ಮಷಿನ್‌ಗಳು ಬೀದಿ ಬೀದಿಯಲ್ಲಿವೆ, ಅದನ್ನು ಮರೆಯಬೇಡಿ. ಆ ಟ್ರ್ಯಾಕಿನಲ್ಲಿ ಹರು ಉರಾರಾ ಎಂಬ ಹೆಣ್ಣು ಕುದುರೆ ಇತ್ತು. ಗೆದ್ದೇ ಇರಲಿಲ್ಲ. ಒಂದು ಸಲವೂ ಇಲ್ಲ. ಒಟ್ಟು 113 ಓಟ ಓಡಿ 113ರಲ್ಲೂ ಸೋತಿತು. ಆದರೂ ಪ್ರತಿ ಸಲ ಪ್ರಾಣ ಕೊಟ್ಟು ಓಡುತ್ತಿತ್ತು. ಈ ಸುದ್ದಿ ದೇಶಕ್ಕೆಲ್ಲ ಹರಡಿತು. 2004ರ ಮಾರ್ಚಿನಲ್ಲಿ ಜಪಾನಿನ ಅತಿ ದೊಡ್ಡ ಜಾಕಿ ಯುಟಕ ಟಕೆ ಅದರ ಬೆನ್ನೇರಿದ ದಿನ ಆ ಪುಟ್ಟ ಟ್ರ್ಯಾಕಿಗೆ 13,000 ಜನ ಬಂದರು. ಆವತ್ತೂ ಸೋತಿತು, ಹನ್ನೊಂದರಲ್ಲಿ ಹತ್ತನೆಯದು. ಅದರ ಮೇಲೆ ಕಟ್ಟಿದ ಟಿಕೆಟ್ಟನ್ನು ಜನ ಕಾರಿನಲ್ಲಿ ತಾಯಿತದ ಹಾಗೆ ಇಟ್ಟುಕೊಂಡರು. ಪಂತ "ತಾಗುವುದಿಲ್ಲ" ಎಂಬುದಕ್ಕೂ ಗಾಡಿ "ತಾಗುವುದಿಲ್ಲ" ಎಂಬುದಕ್ಕೂ ಅವರ ಭಾಷೆಯಲ್ಲೂ ಒಂದೇ ಮಾತಂತೆ. ಕೋಚಿಯ ಟ್ರ್ಯಾಕು ಆ ಗಂಡಾಂತರದಿಂದ ಪಾರಾಯಿತು. ಒಂದು ಸೋಲುವ ಕುದುರೆ, ಅದನ್ನು ನೋಡಲು ಬಂದ ಜನ. ಮಷಿನ್ ಬೇಕಾಗಲಿಲ್ಲ.

ಹಾಂಗ್‌ಕಾಂಗ್ ಬಗ್ಗೆ ಹೇಳಬೇಕೆಂದಿದ್ದೆ. ಅಲ್ಲಿ ಕ್ಯಾಸಿನೋ ಇಲ್ಲ, ಸ್ಲಾಟ್ ಇಲ್ಲ, ಬುಧವಾರ ರಾತ್ರಿ ಹ್ಯಾಪಿ ವ್ಯಾಲಿ ರೇಸ್ ಟ್ರ್ಯಾಕು ಜನರಿಂದ ತುಂಬಿರುತ್ತದೆ. ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಗೆಳೆಯನೇ, ಬೆಂಗಳೂರಿಗೆ ಹೋದಾಗ ಕ್ಲಬ್ಬಿನಲ್ಲಿ ಯಾರಾದರೂ ಕೇಳಿದರೆ ಇಷ್ಟು ಹೇಳು. ತೆರಿಗೆ ಇಳಿಸಿ ಎಂದು ಹೋರಾಡಿ, ನಾನೂ ಸಹಿ ಹಾಕುತ್ತೇನೆ. ಟಿಕೆಟ್ ಅಗ್ಗ ಮಾಡಿ, ರೇಸ್ ಬುಕ್ಕನ್ನು ಕನ್ನಡದಲ್ಲಿ ಓದಲು ಬರುವ ಹಾಗೆ ಮಾಡಿ, ಮಕ್ಕಳನ್ನು ಲಾಯಕ್ಕೆ ಕರೆದುಕೊಂಡು ಹೋಗಿ ಕುದುರೆ ಮುಟ್ಟಿಸಿ. ನೋಡುವವರು ಹೆಚ್ಚಿದರೆ ಆಟ ತನ್ನ ಕಾಲ ಮೇಲೆ ನಿಲ್ಲುತ್ತದೆ. ಮಷಿನ್ ಇಟ್ಟರೆ ಮೊದಲ ಐದು ವರ್ಷ ಎಲ್ಲರಿಗೂ ಸಿಹಿ. ಆಗ ಯಾರೂ ನಿನ್ನ ಮಾತು ಕೇಳುವುದಿಲ್ಲ. ಗ್ಯಾಲರಿ ನೋಡಿ ಎಂದರೆ ಬ್ಯಾಂಕ್ ಪಾಸ್‌ಬುಕ್ ತೋರಿಸುತ್ತಾರೆ.

ಎರಡು ನಿಮಿಷ ಕೊಡಿ ಅಧ್ಯಕ್ಷರೇ, ಒಂದು ಕುದುರೆಯ ವಿಷಯ ಹೇಳಿ ಇಳಿಯುತ್ತೇನೆ.

2013ರ ಮಾರ್ಚ್. ವೆಲಿಂಗ್ಟನ್ ಕೌಂಟಿಯ ಒಬ್ಬ ರೈತ ಫೋನ್ ಮಾಡಿದ. ಒಂಬತ್ತು ಕುದುರೆ ಇದ್ದವನು. ಮರಿಗಳಿಗೆ ಗಿರಾಕಿ ಇಲ್ಲ, ಹುಲ್ಲಿಗೆ ಹಣ ಇಲ್ಲ. ಆರನ್ನು ಹೇಗೋ ಕೊಟ್ಟಿದ್ದ. ಉಳಿದ ಮೂರನ್ನು ಮಲಗಿಸಬೇಕು ಎಂದ. ಇಲ್ಲಿ ಹಾಗೇ ಹೇಳುತ್ತಾರೆ, ಮಲಗಿಸುವುದು. ಸೂಜಿ, ಔಷಧಿ ತೆಗೆದುಕೊಂಡು ಹೋದೆ. ಎರಡು ಬಹಳ ವಯಸ್ಸಾದವು, ಕಾಲು ಹೋದವು. ಮಾಡಿದೆ. ಮೂರನೆಯದು ಏಳು ವರ್ಷದ ಕಂದು ಹೆಣ್ಣು ಕುದುರೆ. ಹುಟ್ಟಿದಾಗ ಹಿಂಗಾಲು ಮೊದಲು ಬಂದಿತ್ತು, ರಾತ್ರಿ ಎರಡು ಗಂಟೆಗೆ ನಾನೇ ಎಳೆದು ಹೊರತೆಗೆದದ್ದು. ಮೈಯಲ್ಲಿ ಒಂದು ಕೊರತೆ ಇಲ್ಲ. ಬಾಯಿ ತೆರೆಸಿ ನೋಡಿದೆ, ಯಾಕೆ ನೋಡಿದೆನೋ ಗೊತ್ತಿಲ್ಲ, ಅಭ್ಯಾಸ. ಹಲ್ಲು ಸರಿಯಾಗಿದ್ದವು. ನನ್ನ ಕೈಯಲ್ಲಿ ಆಗಲಿಲ್ಲ. ರೈತ ಗೋಡೆಗೆ ಮುಖ ಮಾಡಿ ನಿಂತಿದ್ದ. "ಒಂದು ವಾರ ಕೊಡು" ಅಂದೆ.

ಸೇಂಟ್ ಜೇಕಬ್ಸ್, ಎಲ್ಮೈರಾ ಕಡೆ ಮೆನೊನೈಟ್ ಜನ ಇದ್ದಾರಲ್ಲ, ಕಾರು ಇಟ್ಟುಕೊಳ್ಳದೆ ಕುದುರೆ ಗಾಡಿಯಲ್ಲೇ ಓಡಾಡುವವರು, ಅವರಲ್ಲಿ ಒಬ್ಬರಿಗೆ ಹೇಳಿದೆ. ಬಂದು ನೋಡಿ, ಲಗಾಮು ಹಿಡಿದು ಅಂಗಳದಲ್ಲಿ ಎರಡು ಸುತ್ತು ನಡೆಸಿ, ಕರೆದುಕೊಂಡು ಹೋದರು.

ಆ ಅಕ್ಟೋಬರಿನಲ್ಲಿ ಒಂದು ಭಾನುವಾರ ಎಲ್ಮೈರಾ ರಸ್ತೆಯಲ್ಲಿ ನನ್ನ ಮುಂದೆ ಒಂದು ಕಪ್ಪು ಗಾಡಿ ಹೋಗುತ್ತಿತ್ತು. ಚರ್ಚಿಗೆ ಹೊರಟವರು, ಹಿಂದಿನ ಕಿಟಕಿಯಲ್ಲಿ ಎರಡು ಮಕ್ಕಳ ಟೋಪಿ. ನಡೆ ನೋಡಿದ ತಕ್ಷಣ ಗುರುತು ಸಿಕ್ಕಿತು. ಟ್ರ್ಯಾಕಿನ ನಡೆ ಅದು, ಕತ್ತು ಎತ್ತಿ, ಮೊಣಕಾಲು ಎತ್ತಿ. ಮುಂದೆ ಇನ್ನೊಂದು ಗಾಡಿ ಕಂಡಿತು. ಅದು ಕಿವಿ ನಿಮಿರಿಸಿತು. ಲಗಾಮು ಹಿಡಿದವರು ಬಿಗಿ ಮಾಡಿದರೋ ಇಲ್ಲವೋ ನನಗೆ ಕಾಣಲಿಲ್ಲ. ಚರ್ಚಿನ ತಿರುವು ಬರುವಷ್ಟರಲ್ಲಿ ಅದು ಮುಂದಿನ ಗಾಡಿಯನ್ನು ಹಿಂದೆ ಹಾಕಿತ್ತು. ಕಾರು ಪಕ್ಕಕ್ಕೆ ನಿಲ್ಲಿಸಿ ನೋಡುತ್ತಾ ನಿಂತೆ.